ಖುಷಿಯಾದ ಬೆನ್ನಿಗೇ ಭಯ ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ತಿಪಟೂರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ವಯಸ್ಸು 46. ಮಗಳು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅತ್ತೆಗೆ ಶುಗರ್ ಇದೆ. ಅದು ಬಿಟ್ಟರೆ ಮನೆಯಲ್ಲಿ ದೊಡ್ಡ ಕಷ್ಟ ಅಂತ ಏನೂ ಇಲ್ಲ. ಆದರೂ ಎರಡು ವರ್ಷದಿಂದ ಸದಾ ಒಂದು ದಿಗಿಲು. ಮಗಳು ಫೋನ್ ಎತ್ತದಿದ್ದರೆ ಕೈಕಾಲು ತಣ್ಣಗಾಗುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಎದೆ ಡವಡವ ಅಂತ ಇಸಿಜಿ ಮಾಡಿಸಿದೆ, ಏನೂ ತೊಂದರೆ ಇಲ್ಲ ಅಂದರು. ಎಲ್ಲರೂ 'ಪಾಸಿಟಿವ್ ಆಗಿರಿ' ಅನ್ನುತ್ತಾರೆ. ದಿನಾ ಮೂರು ಒಳ್ಳೆಯ ವಿಷಯ ಬರೆಯಿರಿ ಅಂತ ಯಾರೋ ಹೇಳಿದರು. 'ಮನೆ, ಮಗಳು, ಆರೋಗ್ಯ' ಅಂತ ನಾಲ್ಕು ದಿನ ಬರೆದೆ. ಬರೆದಷ್ಟೂ ಭಯ ಜಾಸ್ತಿಯಾಯಿತು, ಬಿಟ್ಟೆ. ಮೊನ್ನೆ ಕ್ಲಾಸಿನಲ್ಲಿ, ವರ್ಷವಿಡೀ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗ ತಾನಾಗಿ ಕೈ ಎತ್ತಿ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದ. ತುಂಬಾ ಖುಷಿಯಾಯಿತು. ಮರುಕ್ಷಣವೇ 'ಮನೆಯಲ್ಲಿ ಏನೋ ಆಗಿರಬೇಕು' ಅನ್ನಿಸಿ ಸ್ಟಾಫ್ ರೂಮಿಗೆ ಹೋಗಿ ಫೋನ್ ಮಾಡಿದೆ. ನನಗೆ ಏನಾಗಿದೆ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಪತ್ರದ ಕೊನೆಯ ನಾಲ್ಕೈದು ಸಾಲುಗಳನ್ನು ನಾನು ಎರಡು ಸಲ ಓದಿದೆ. ನಿದ್ದೆ ಇಲ್ಲದಿರುವುದು, ಎದೆ ಹೊಡೆದುಕೊಳ್ಳುವುದು, ಫೋನಿನ ಗಾಬರಿ, ಇವೆಲ್ಲ ಆತಂಕದಲ್ಲಿ ಸಾಮಾನ್ಯ. ಆದರೆ ಆ ಹುಡುಗನ ವಿಷಯ ಬೇರೆ. ಅಲ್ಲಿ ಕೆಟ್ಟದ್ದು ಏನೂ ನಡೆದಿರಲಿಲ್ಲ, ಒಳ್ಳೆಯದೇ ನಡೆದಿತ್ತು. ಆ ಒಳ್ಳೆಯದೇ ನಿಮ್ಮನ್ನು ಹೆದರಿಸಿತು. ಇದು ಅರ್ಥವಾದರೆ 'ಪಾಸಿಟಿವ್ ಆಗಿರಿ' ಎಂಬ ಮಾತು ನಿಮಗೆ ಯಾಕೆ ಕೆಲಸಕ್ಕೆ ಬರಲಿಲ್ಲ, ಯಾವುದು ಕೆಲಸಕ್ಕೆ ಬರಬಹುದು ಎಂಬುದೂ ಅರ್ಥವಾಗುತ್ತದೆ.

ನಮ್ಮ ಮನೆಗಳಲ್ಲಿ ಮಕ್ಕಳು ಬಿದ್ದು ಬಿದ್ದು ನಗುವಾಗ ದೊಡ್ಡವರು ಒಂದು ಮಾತು ಹೇಳುತ್ತಾರಲ್ಲ, 'ಅಷ್ಟು ನಗಬೇಡ, ಆಮೇಲೆ ಅಳಬೇಕಾಗುತ್ತೆ' ಅಂತ. ಮಗು ಮುದ್ದಾಗಿ ಕಂಡರೆ ಕೆನ್ನೆಗೊಂದು ದೃಷ್ಟಿಬೊಟ್ಟು ಇಡುತ್ತೇವೆ. 'ಚೆನ್ನಾಗಿದೀರಾ?' ಅಂದರೆ 'ಏನೋ, ಹೀಗೇ ನಡೀತಾ ಇದೆ' ಅನ್ನುತ್ತೇವೆ. ಚೆನ್ನಾಗಿದ್ದೇನೆ ಅಂತ ಬಾಯಿ ಬಿಟ್ಟು ಹೇಳಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂಬ ಅಳುಕು. ಇದನ್ನು ಮೂಢನಂಬಿಕೆ ಅಂತ ನಾನು ತಳ್ಳಿಹಾಕುವುದಿಲ್ಲ. ಇದರ ಹಿಂದೆ ಒಂದು ಲೆಕ್ಕಾಚಾರವಿದೆ. ಖುಷಿಯಾಗಿದ್ದಾಗ ಕೆಟ್ಟ ಸುದ್ದಿ ಬಂದರೆ ಪೆಟ್ಟು ಜೋರು. ಮೊದಲೇ ಸಪ್ಪಗಿದ್ದರೆ ಪೆಟ್ಟು ಕಡಿಮೆ.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಿಶೆಲ್ ನ್ಯೂಮನ್ ಮತ್ತು ಅವರ ಜೊತೆಗಾರ್ತಿ ಸಾಂಡ್ರಾ ಲೆರಾ 2011ರಲ್ಲಿ ಆತಂಕದ ಬಗ್ಗೆ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿದರು. ಸದಾ ಚಿಂತಿಸುವವರಿಗೆ ಚಿಂತೆ ಒಂದು ರಕ್ಷಣೆಯಂತೆ. ನೆಮ್ಮದಿಯಿಂದ ದುಃಖಕ್ಕೆ ದಿಢೀರನೆ ಬೀಳುವುದನ್ನು ಅವರ ಮನಸ್ಸು ತಡೆಯಲಾರದು. ಅದಕ್ಕೆ ನೆಮ್ಮದಿಗೇ ಹೋಗದೆ ಕೆಳಗೇ ಉಳಿದುಬಿಡುತ್ತದೆ. ನಾನು ನನ್ನಲ್ಲಿಗೆ ಬರುವವರಿಗೆ ಹೇಳುವುದು ಹೀಗೆ: ಮಂಚದಿಂದ ಬಿದ್ದೇನು ಅನ್ನುವ ಹೆದರಿಕೆಗೆ ವರ್ಷವಿಡೀ ತಣ್ಣನೆ ನೆಲದ ಮೇಲೆ ಮಲಗುವ ಹಾಗೆ. ಬೀಳುವುದೇನೋ ತಪ್ಪುತ್ತದೆ. ಆದರೆ ದಿನಾ ಮೈಕೈ ನೋವು.

ಆ ಹುಡುಗ ಲೆಕ್ಕ ಮಾಡಿದಾಗ ನೀವು ಒಂದು ಕ್ಷಣ ಮಂಚ ಹತ್ತಿದಿರಿ. ಮನಸ್ಸಿಗೆ ಗಾಬರಿಯಾಯಿತು, ಇಳಿಸಿಬಿಟ್ಟಿತು. ನಿಮಗೆ ಆಗಿರುವುದು ಇಷ್ಟು. ನೀವು ಕೃತಜ್ಞತೆ ಇಲ್ಲದವರಲ್ಲ, ದುರ್ಬಲರೂ ಅಲ್ಲ. ಮನೆಯವರನ್ನು ಕಾಯಬೇಕು ಅಂತ ಎರಡು ವರ್ಷದಿಂದ ನಿದ್ದೆಗೆಟ್ಟು ಕಾವಲು ನಿಂತಿದ್ದೀರಿ. ಆದರೆ ಇಷ್ಟು ಕಾದದ್ದರಿಂದ ಮಗಳಿಗಾಗಲಿ ಅತ್ತೆಗಾಗಲಿ ಏನಾದರೂ ತಪ್ಪಿದ್ದು ಉಂಟೇ? ನಾಳೆ ನಿಜವಾಗಿ ಏನಾದರೂ ಆದರೆ, ಮೊದಲೇ ಚಿಂತಿಸಿದ್ದಕ್ಕೆ ದುಃಖ ಕಡಿಮೆಯಾಗುತ್ತದೆಯೇ? ಹತ್ತಿರದವರನ್ನು ಕಳೆದುಕೊಂಡ ಎಷ್ಟೋ ಜನ ನನ್ನ ಮುಂದೆ ಕೂತು ಅತ್ತಿದ್ದಾರೆ. 'ನಾನು ಮೊದಲೇ ಹೆದರಿದ್ದೆ, ಅದಕ್ಕೆ ಈಗ ಪರವಾಗಿಲ್ಲ' ಅಂತ ಹೇಳಿದವರು ಒಬ್ಬರೂ ಇಲ್ಲ. 'ಜೊತೆಗಿದ್ದಾಗ ಇನ್ನೂ ಸ್ವಲ್ಪ ನೆಮ್ಮದಿಯಾಗಿ ಇರಬಹುದಿತ್ತು' ಅಂದವರು ಬಹಳ.

ಮನಸ್ಸು ಕೆಟ್ಟದ್ದರ ಕಡೆಗೇ ವಾಲುವುದು ಎಲ್ಲರಲ್ಲೂ ಇದೆ. ನಿಮಗೆ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳಿ. 40 ಪೇಪರ್ ತಿದ್ದುತ್ತೀರಿ. 37 ಮಕ್ಕಳು ಪಾಸು, ಮೂವರು ಫೇಲು. ರಾತ್ರಿ ಮಲಗಿದಾಗ ಕಣ್ಣ ಮುಂದೆ ಬರುವುದು ಯಾರು? ಆ ಮೂವರೇ ಅಲ್ವಾ? ಕತ್ತಲಲ್ಲಿ ಹಗ್ಗ ಕಂಡು ಹಾವು ಅಂತ ನೂರು ಸಲ ಬೆಚ್ಚಿದವನಿಗೆ ಆಗುವ ನಷ್ಟ ಕಡಿಮೆ. ಹಾವನ್ನು ಒಂದೇ ಸಲ ಹಗ್ಗ ಅಂದುಕೊಂಡವನು ಉಳಿಯಲಿಲ್ಲ. ನಾವೆಲ್ಲ ಹಾಗೆ ಬೆಚ್ಚಿ ಉಳಿದವರ ಮೊಮ್ಮಕ್ಕಳು. ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಅದುವರೆಗಿನ ಎಷ್ಟೋ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಹೊಗಳಿಕೆಗಿಂತ ಬೈಗುಳ, ಲಾಭಕ್ಕಿಂತ ನಷ್ಟ, ಒಳ್ಳೆಯ ದಿನಕ್ಕಿಂತ ಕೆಟ್ಟ ದಿನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ ಎಂದು ಅವರು ಕಂಡುಕೊಂಡರು. ಹಾಗಾಗಿ ಕೆಟ್ಟದ್ದಕ್ಕೆ ಗಮನ ಕೊಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಳ್ಳೆಯದನ್ನು ಗಮನಿಸುವುದಕ್ಕೆ ಮಾತ್ರ ಸ್ವಲ್ಪ ಅಭ್ಯಾಸ ಬೇಕು.

ಆದರೆ ಗಮನಿಸುವುದು ಬೇರೆ, 'ಪಾಸಿಟಿವ್ ಆಗಿ ಯೋಚಿಸುವುದು' ಬೇರೆ. ಜನ ಇವೆರಡನ್ನೂ ಒಂದೇ ಅಂದುಕೊಂಡಿದ್ದಾರೆ. ನಿಮ್ಮಂಥವರಿಗೆ ಇದರಿಂದ ತುಂಬಾ ತೊಂದರೆಯಾಗುತ್ತದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

'ಎಲ್ಲ ಒಳ್ಳೆಯದೇ ಆಗುತ್ತೆ' ಅನ್ನುವುದು ನಾಳೆಯ ಮಾತು. ನಾಳೆ ಯಾರ ಕೈಯಲ್ಲೂ ಇಲ್ಲ. ನಿಮ್ಮ ಮನಸ್ಸಿಗೆ ಅದು ಚೆನ್ನಾಗಿ ಗೊತ್ತು. ಆದ್ದರಿಂದ ನೀವು ಎಷ್ಟು ಸಲ ಹೇಳಿಕೊಂಡರೂ ಒಳಗಿನಿಂದ 'ಆಗದಿದ್ದರೆ?' ಅಂತ ಉತ್ತರ ಬರುತ್ತದೆ. ಆ ವಾದದಲ್ಲಿ ಚಿಂತೆಯೇ ಗೆಲ್ಲುವುದು. ಆದರೆ 'ಹಿಂದಿನ ಬೆಂಚಿನ ಹುಡುಗ ಇವತ್ತು ಲೆಕ್ಕ ಮಾಡಿದ' ಎಂಬುದು ನಡೆದುಹೋದ ಸಂಗತಿ. ಅದನ್ನು ಯಾರೂ ಅಳಿಸಲಾರರು. ನಾಳೆ ಏನೇ ಆಗಲಿ, ಅವನು ಆ ಲೆಕ್ಕ ಮಾಡಿದ್ದು ಮಾಡಿದ್ದೇ. ಒಳ್ಳೆಯದರ ಕಡೆ ಗಮನ ಕೊಡುವುದು ಎಂದರೆ ಇಷ್ಟೇ. ಈಗ ಇರುವುದನ್ನು, ಈಗತಾನೆ ನಡೆದದ್ದನ್ನು ಕಣ್ಣುಬಿಟ್ಟು ನೋಡುವುದು. ನಾಳೆಯ ಬಗ್ಗೆ ಭರವಸೆ ಕೊಡಬೇಕಿಲ್ಲ.

ಚಿಂತೆಯನ್ನು ಒತ್ತಿ ಹಿಡಿಯಬೇಕೆಂದೂ ಇಲ್ಲ. ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ, 'ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ' ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ 'ಈಗ ಯೋಚಿಸಬಹುದು' ಅಂದಾಗ, ಮೊದಲಿನಿಂದ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. 'ಕೆಟ್ಟ ಯೋಚನೆ ಮಾಡಬೇಡಿ' ಅಂತ ನಿಮಗೆ ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಕೈಗೆ ಗಂಟೆ ಕೊಟ್ಟು ಹೋಗುತ್ತಾರೆ.

ಈಗ ನಿಮ್ಮ ಮೂರು ಸಾಲಿನ ಪಟ್ಟಿಗೆ ಬರೋಣ. ಆ ಅಭ್ಯಾಸ ಕೆಟ್ಟದ್ದಲ್ಲ. ಮಾರ್ಟಿನ್ ಸೆಲಿಗ್ಮನ್ ಮತ್ತು ಅವರ ತಂಡ 2005ರಲ್ಲಿ ಇದನ್ನು ಪರೀಕ್ಷಿಸಿತ್ತು. ಒಂದು ವಾರ ದಿನಾ ರಾತ್ರಿ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಬರೆಯಬೇಕು. ಪ್ರತಿಯೊಂದೂ ಯಾಕೆ ನಡೆಯಿತು ಅಂತಲೂ ಬರೆಯಬೇಕು. ಹಾಗೆ ಬರೆದವರಲ್ಲಿ ಆರು ತಿಂಗಳ ನಂತರವೂ ಮನಸ್ಸು ಹಗುರಾಗಿದ್ದು ಕಂಡಿತು. ಮುಖ್ಯವಾಗಿ, ಆ ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಲ್ಲಿ. ನಮ್ಮ ಕಡೆಗೆ ಬರುವಷ್ಟರಲ್ಲಿ 'ಯಾಕೆ' ಎಂಬ ಭಾಗ ಬಿಟ್ಟುಹೋಗಿದೆ. ಬರೀ ಪಟ್ಟಿ ಉಳಿದಿದೆ.

ನೀವು ಬರೆದ ಮೂರು ಶಬ್ದ ನೋಡಿ: ಮನೆ, ಮಗಳು, ಆರೋಗ್ಯ. ನೀವು ರಾತ್ರಿ ಮೂರು ಗಂಟೆಗೆ ಚಿಂತಿಸುವುದೂ ಇದೇ ಮೂರರ ಬಗ್ಗೆ ಇರಬೇಕು. 'ಮಗಳು' ಅಂತ ಬರೆದ ಕೂಡಲೇ ಮನಸ್ಸು 'ಅವಳಿಗೆ ಏನಾದರೂ ಆದರೆ?' ಅನ್ನುತ್ತದೆ. ನಿಮಗೆ ಗೊತ್ತಿಲ್ಲದೆಯೇ ದಿನಾ ರಾತ್ರಿ ಭಯದ ಪಟ್ಟಿಯನ್ನೇ ಬರೆದಿದ್ದೀರಿ. ಜಾಸ್ತಿಯಾಗದೆ ಇನ್ನೇನಾಗುತ್ತದೆ?

ಹಾಗಾಗಿ ಚಿಕ್ಕದನ್ನು ಬರೆಯಿರಿ. ಕಳೆದುಹೋದರೂ ಜೀವ ಹೋಗದಷ್ಟು ಚಿಕ್ಕದು. 'ಮಗಳು' ಬೇಡ. 'ಮಗಳು ಕಳಿಸಿದ ಫೋಟೋದಲ್ಲಿ ಅವಳು ಮಾಡಿದ ದೋಸೆ ಕರ್ನಾಟಕದ ಭೂಪಟದ ಹಾಗಿತ್ತು' ಅಂತ ಬರೆಯಿರಿ. 'ಆರೋಗ್ಯ' ಬೇಡ. 'ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಬರುವಾಗ ತೋಟದ ಕಡೆಯಿಂದ ತಂಪು ಗಾಳಿ ಬಂತು, ಒಂದು ನಿಮಿಷ ನಿಂತೆ' ಅಂತ ಬರೆಯಿರಿ. ಪಕ್ಕದಲ್ಲಿ 'ಯಾಕೆ' ಅಂತ ಒಂದು ಸಾಲು. 'ಆ ಹುಡುಗ ಯಾಕೆ ಕೈ ಎತ್ತಿದ?' ಬಹುಶಃ ನೀವು ಆರು ತಿಂಗಳಿಂದ ಅವನನ್ನು ಬೈಯದೆ, ತಪ್ಪಿದರೂ 'ಪರವಾಗಿಲ್ಲ, ಇನ್ನೊಂದು ಸಲ ನೋಡು' ಅಂದದ್ದಕ್ಕೆ ಇರಬಹುದು. ಈ ಎರಡನೇ ಸಾಲು ಬರೆಯುವಾಗ ಒಂದು ವಿಷಯ ನಿಧಾನವಾಗಿ ಕಾಣತೊಡಗುತ್ತದೆ. ಒಳ್ಳೆಯದು ಆಕಾಶದಿಂದ ಬೀಳುವುದಿಲ್ಲ. ಅದಕ್ಕೊಂದು ಕಾರಣ ಇರುತ್ತದೆ, ಕೆಲವು ಸಲ ಆ ಕಾರಣ ನೀವೇ. ಚಿಂತೆಯಲ್ಲಿರುವವರಿಗೆ ಜಗತ್ತು ಎಂದರೆ ಯಾವಾಗ ಏನು ಮೇಲೆ ಬೀಳುತ್ತದೋ ಎಂಬಂತೆ ಕಾಣುತ್ತದಲ್ಲ, ಅದಕ್ಕೆ ಇದು ಒಳ್ಳೆಯ ಮದ್ದು.

ದಿನಾ ಬರೆಯಲೇಬೇಕು ಅಂತಿಲ್ಲ. ಸೋನ್ಯಾ ಲ್ಯುಬೊಮಿರ್ಸ್ಕಿ ಎಂಬ ಸಂಶೋಧಕಿ ಒಂದು ಗುಂಪಿಗೆ ವಾರಕ್ಕೊಮ್ಮೆ, ಇನ್ನೊಂದಕ್ಕೆ ವಾರಕ್ಕೆ ಮೂರು ಸಲ ಇಂಥದ್ದನ್ನು ಬರೆಯಲು ಹೇಳಿದ್ದರು. ಪ್ರಯೋಜನ ಕಂಡದ್ದು ವಾರಕ್ಕೊಮ್ಮೆ ಬರೆದವರಲ್ಲಿ. ದಿನಾ ಬರೆದರೆ ಅದು ಹೋಂವರ್ಕ್ ಆಗಿಬಿಡುತ್ತದೆ, ಟೀಚರಾದ ನಿಮಗೆ ನಾನು ಹೇಳಬೇಕಿಲ್ಲ. ವಾರಕ್ಕೆ ಒಂದೆರಡು ಸಂಜೆ ಸಾಕು.

ಬರೆಯುವುದಕ್ಕಿಂತ ಮುಖ್ಯವಾದ ಅಭ್ಯಾಸ ಇನ್ನೊಂದಿದೆ. ನಿಮಗೆ ನಿಜವಾಗಿ ಬೇಕಾಗಿರುವುದು ಅದೇ. ಹತ್ತು ಹದಿನೈದು ಸೆಕೆಂಡು ಮಂಚದ ಮೇಲೆ ಕೂರುವ ಅಭ್ಯಾಸ.

ಬೆಳಿಗ್ಗೆ ಶುರು ಮಾಡಿ. ಫಿಲ್ಟರ್‌ನಿಂದ ಡಿಕಾಕ್ಷನ್ ಇಳಿಸಿ ಕಾಫಿ ಬೆರೆಸುತ್ತೀರಿ ಅಂದುಕೊಳ್ಳೋಣ. ಸಾಮಾನ್ಯವಾಗಿ ಆ ಹೊತ್ತಿಗೆ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಫೋನ್. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಅಪಘಾತದ ವಿಡಿಯೋ. ದಿನ ಶುರುವಾಗುವ ಮೊದಲೇ ಕಾವಲುಗಾರ ಎದ್ದು ನಿಂತ. ಒಂದು ವಾರ ಫೋನನ್ನು ಬೇರೆ ಕೋಣೆಯಲ್ಲಿಡಿ. ಲೋಟ ಎರಡೂ ಕೈಯಲ್ಲಿ ಹಿಡಿಯಿರಿ. ಬಿಸಿ ಗೊತ್ತಾಗಲಿ. ವಾಸನೆ ಎಳೆದುಕೊಳ್ಳಿ. ಮೊದಲ ಗುಟುಕು ನಾಲಿಗೆಯ ಮೇಲೆ ಸ್ವಲ್ಪ ನಿಲ್ಲಲಿ. ಮೂರು ಉಸಿರು ಅಷ್ಟೇ. ನಾಲ್ಕನೆಯದಕ್ಕೆ ಮಾಮೂಲಿ ಕೆಲಸಕ್ಕೆ ಹೋಗಿ. ರಂಗೋಲಿ ಇಡುವ ಅಭ್ಯಾಸವಿದ್ದರೆ ಅದು ಇನ್ನೂ ಒಳ್ಳೆಯದು. ಚುಕ್ಕಿ ತಪ್ಪಬಾರದು ಅಂದರೆ ಮನಸ್ಸು ಅಲ್ಲೇ ಇರಬೇಕು. ಹೂ ಕಟ್ಟುವುದೂ ಹಾಗೆಯೇ. ನಮ್ಮ ಅಜ್ಜಿಯರು ಮಧ್ಯಾಹ್ನ ಮಲ್ಲಿಗೆ ಮೊಗ್ಗು ಹರವಿಕೊಂಡು ಕೂರುತ್ತಿದ್ದರಲ್ಲ, ಅವರು ಯಾವ ತರಬೇತಿಗೂ ಹೋಗಿರಲಿಲ್ಲ. ಆ ಒಂದು ಗಂಟೆ ಅವರ ಬೆರಳು, ಕಣ್ಣು, ಮೂಗು ಎಲ್ಲ ಒಂದೇ ಕಡೆ ಇರುತ್ತಿದ್ದವು.

ಈಗ ಕಷ್ಟದ ಭಾಗ. ಆ ಮೂರು ಉಸಿರಿನ ಮಧ್ಯೆ ಭಯ ಬಂದೇ ಬರುತ್ತದೆ. 'ಇಷ್ಟು ಆರಾಮಾಗಿದ್ದೀನಿ, ಏನೋ ಕಾದಿದೆ' ಅಂತ. ಬಂದರೆ ಸೋತಿರಿ ಅಂದುಕೊಳ್ಳಬೇಡಿ. ಅಭ್ಯಾಸ ನಿಜವಾಗಿ ಶುರುವಾಗುವುದೇ ಅಲ್ಲಿ. ಅದನ್ನು ಓಡಿಸಬೇಡಿ, ಅದರ ಜೊತೆ ವಾದಕ್ಕೂ ಇಳಿಯಬೇಡಿ. ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ, 'ಬಂದೆಯಾ, ಕೂತಿರು, ಕಾಫಿ ಮುಗಿಸಿ ಬರ್ತೀನಿ' ಅನ್ನಿ. ಆಮೇಲೆ ಗಮನವನ್ನು ಮತ್ತೆ ಲೋಟದ ಬಿಸಿಗೆ ತನ್ನಿ. ಭಯ ಇದ್ದರೂ ಖುಷಿ ಇರಬಹುದು, ಖುಷಿ ಇದ್ದಷ್ಟಕ್ಕೆ ಅನಾಹುತ ಆಗುವುದಿಲ್ಲ. ಇದನ್ನು ಬುದ್ಧಿಗೆ ಹೇಳಿ ಪ್ರಯೋಜನವಿಲ್ಲ. ದಿನಕ್ಕೆ ನಾಲ್ಕೈದು ಸಲ ಹೀಗೆ ಕೂತು ಎದ್ದು, ಏನೂ ಆಗಲಿಲ್ಲ ಅಂತ ಮೈಗೆ ಗೊತ್ತಾಗಬೇಕು. ಈಜು ಕಲಿಯುವಾಗ ನೀರಿಗೆ ಇಳಿದೇ ಕಲಿಯುವ ಹಾಗೆ.

ಲೂಕಸ್ ಲಾಫ್ರೆನಿಯರ್ ಎಂಬ ಸಂಶೋಧಕರು ಮತ್ತು ಮೇಲೆ ಹೇಳಿದ ನ್ಯೂಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಮಾಡಿ ನೋಡಿತ್ತು. ಸದಾ ಆತಂಕದಲ್ಲಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವಾರ ಫೋನಿನಲ್ಲಿ ಆಗಾಗ ನೆನಪಿಸಿ, ಆ ಹೊತ್ತಿನ ಚಿಕ್ಕ ಸಂತೋಷದಲ್ಲಿ ನಿಲ್ಲುವ ಅಭ್ಯಾಸ ಮಾಡಿಸಿದರು. ಅವರ ಚಿಂತೆ ಕಡಿಮೆಯಾಯಿತು. ಖುಷಿಯನ್ನು ಕಂಡು ಹಿಂಜರಿಯುವುದೂ ಕಡಿಮೆಯಾಯಿತು.

ನಿಮ್ಮ ಕ್ಲಾಸಿನ ಆ ಕ್ಷಣಕ್ಕೆ ಇದನ್ನು ಹೊಂದಿಸಿ ನೋಡಿ. ಮುಂದಿನ ಸಲ ಅಂಥದ್ದು ಆದಾಗ ಹುಡುಗನ ಮುಖ ನೋಡಿ. ಬೋರ್ಡಿನ ಮೇಲೆ ಅವನ ಅಕ್ಷರ ನೋಡಿ. ಚಾಕ್ ಹಿಡಿದ ಕೈ ನಡುಗುತ್ತಿತ್ತೇ? ಉಳಿದ ಮಕ್ಕಳು ಹೇಗೆ ನೋಡಿದರು? ಮೂರು ಉಸಿರು. ಆಮೇಲೂ ಮನೆಗೆ ಫೋನ್ ಮಾಡಬೇಕು ಅನ್ನಿಸಿದರೆ ಪೀರಿಯಡ್ ಮುಗಿಯುವ ತನಕ ಕಾಯಿರಿ. ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ, ಕಾಯಿರಿ ಅಷ್ಟೇ. ಯಾಕೆಂದರೆ ಫೋನ್ ಮಾಡಿದ ಕೂಡಲೇ ಸಮಾಧಾನವಾಗುತ್ತದೆ. ಆ ಸಮಾಧಾನ ಮನಸ್ಸಿಗೆ ತಪ್ಪು ಪಾಠ ಹೇಳಿಕೊಡುತ್ತದೆ: 'ನಾನು ವಿಚಾರಿಸಿದ್ದಕ್ಕೇ ಎಲ್ಲ ಸರಿಯಾಗಿದೆ.' ಕಾದು ನೋಡಿದರೆ, ವಿಚಾರಿಸದೆಯೂ ಎಲ್ಲ ಸರಿಯಾಗಿತ್ತು ಅಂತ ತಿಳಿಯುತ್ತದೆ.

ಚಿಂತೆಗೂ ಒಂದು ಜಾಗ ಕೊಡಬೇಕು. ಇಲ್ಲದಿದ್ದರೆ ಮನೆಯೆಲ್ಲ ಓಡಾಡುತ್ತದೆ. ಥಾಮಸ್ ಬೊರ್ಕೊವೆಕ್ ಎಂಬುವರು 1983ರಲ್ಲೇ ತೋರಿಸಿದ ಉಪಾಯ ಇದು. ದಿನಕ್ಕೆ ಅರ್ಧ ಗಂಟೆ ಚಿಂತೆಗೆಂದೇ ಮೀಸಲಿಡುವುದು. ಒಂದೇ ಹೊತ್ತು, ಒಂದೇ ಜಾಗ. ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆದು, ಐದೂವರೆಯಿಂದ ಆರರವರೆಗೆ ಹಿತ್ತಿಲಿನಲ್ಲೋ ಜಗಲಿಯಲ್ಲೋ ಕೂರಿ. ಮಲಗುವ ಕೋಣೆ ಬೇಡ, ಮಲಗುವ ಹೊತ್ತೂ ಬೇಡ. ಹಗಲಿನಲ್ಲಿ ಚಿಂತೆ ಬಂದರೆ ಒಂದು ಚೀಟಿಯಲ್ಲಿ ಎರಡು ಶಬ್ದ ಗೀಚಿ, 'ಐದೂವರೆಗೆ ನೋಡೋಣ' ಅಂತ ಮುಂದೂಡಿ. ಆ ಹೊತ್ತಿಗೆ ಅದು ಇನ್ನೂ ಉಳಿದಿದ್ದರೆ ನೋಟ್‌ಬುಕ್‌ನ ಎಡಪುಟದಲ್ಲಿ ಪೂರ್ತಿ ಬರೆಯಿರಿ. 'ಏನೋ ಆಗುತ್ತೆ' ಅಂತ ಬರೆಯಬೇಡಿ. 'ಶುಕ್ರವಾರದೊಳಗೆ ಅತ್ತೆಯ ಶುಗರ್ 300 ದಾಟಿ ಅಡ್ಮಿಟ್ ಮಾಡಬೇಕಾಗುತ್ತದೆ' ಅಂತ ಸ್ಪಷ್ಟವಾಗಿ ಬರೆಯಿರಿ. ಬಲಪುಟ ಖಾಲಿ ಬಿಡಿ. ಆ ದಿನ ಬಂದಾಗ ಏನಾಯಿತು ಅಂತ ಅಲ್ಲಿ ಬರೆಯಿರಿ.

ನೀವು ಗಣಿತದವರು, ಈ ಬಲಪುಟ ನಿಮಗೆ ಇಷ್ಟವಾಗಬಹುದು. ಲಾಫ್ರೆನಿಯರ್ ಮತ್ತು ನ್ಯೂಮನ್ 2020ರಲ್ಲಿ, ಆತಂಕದ ತೊಂದರೆ ಇದ್ದ 29 ಜನರಿಂದ ಹತ್ತು ದಿನ ಚಿಂತೆಗಳನ್ನು ಹೀಗೆಯೇ ಬರೆಸಿದರು. ಆಮೇಲೆ ಯಾವುದು ನಿಜವಾಯಿತು ಅಂತ ಅವರಿಂದಲೇ ನೋಡಿಸಿದರು. 91 ಶೇಕಡಕ್ಕೂ ಹೆಚ್ಚು ಚಿಂತೆಗಳು ನಿಜವಾಗಲಿಲ್ಲ. ಬರೆದದ್ದು ಒಂದೂ ನಿಜವಾಗದವರೂ ಅವರಲ್ಲಿದ್ದರು. ಇದನ್ನು ನಾನು ಹೇಳಿದರೆ ನೀವು ತಲೆ ಆಡಿಸುತ್ತೀರಿ, ರಾತ್ರಿ ಮೂರಕ್ಕೆ ಮತ್ತೆ ಏಳುತ್ತೀರಿ. ನಿಮ್ಮ ಕೈಬರಹದಲ್ಲೇ ಎರಡು ತಿಂಗಳ ಲೆಕ್ಕ ಕಣ್ಣ ಮುಂದಿದ್ದರೆ ಅದರ ತೂಕವೇ ಬೇರೆ. ಒಂದೆರಡು ನಿಜವೂ ಆಗಬಹುದು. ಅವನ್ನೂ ಬರೆಯಿರಿ. ಆಗ ನೀವು ಏನು ಮಾಡಿದಿರಿ, ಯಾರು ನೆರವಾದರು ಎಂಬುದನ್ನೂ ಸೇರಿಸಿ. 'ನನ್ನಿಂದ ಆಗಲ್ಲ' ಅಂದುಕೊಂಡದ್ದನ್ನು ನೀವು ನಿಭಾಯಿಸಿದ್ದು ಅಲ್ಲಿ ಕಾಣುತ್ತದೆ.

ಮಗಳ ಫೋನಿನ ವಿಷಯ. 'ಊಟ ಆಯ್ತಾ? ಎಲ್ಲಿದೀಯಾ? ಲೇಟಾಗಿ ಓಡಾಡಬೇಡ, ಹುಷಾರು.' ಹೆಚ್ಚಿನ ತಾಯಂದಿರ ಮಾತು ಇಷ್ಟರಲ್ಲೇ ಮುಗಿಯುತ್ತದೆ. ಪ್ರೀತಿಯ ಮಾತೇ, ಆದರೆ ಪೂರ್ತಿ ಕಾವಲಿನ ಮಾತು. ದಿನಕ್ಕೊಮ್ಮೆ, ಇಬ್ಬರಿಗೂ ಅನುಕೂಲವಾದ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಹುಷಾರು ಎಂಬುದನ್ನು ಒಂದು ಸಲ ಹೇಳಿ ಮುಗಿಸಿ. ಆಮೇಲೆ, 'ಇವತ್ತು ಏನು ಚೆನ್ನಾಗಿತ್ತು ಹೇಳು' ಅಂತ ಕೇಳಿ. ಮೊದಲ ದಿನ 'ಏನೂ ಇಲ್ಲ ಅಮ್ಮ' ಅನ್ನಬಹುದು. ನೀವೇ ನಿಮ್ಮದೊಂದು ಹೇಳಿ. ಅವಳು ಹೇಳಿದಾಗ ಪೂರ್ತಿ ಕೇಳಿ, ಒಂದೆರಡು ಪ್ರಶ್ನೆ ಕೇಳಿ. 'ಅದೆಲ್ಲ ಸರಿ, ಎಕ್ಸಾಮ್‌ಗೆ ಓದಿದೆಯಾ?' ಅನ್ನಬೇಡಿ. ಶೆಲ್ಲಿ ಗೇಬಲ್ ಎಂಬುವರು 2004ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕಂಡದ್ದು ಇದೇ. ಒಳ್ಳೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿಕೊಂಡಾಗ ಅದರ ಖುಷಿ ಹೆಚ್ಚುತ್ತದೆ. ಕೇಳುವವರು ಉತ್ಸಾಹದಿಂದ ಕೇಳಿದರೆ ಸಂಬಂಧವೂ ಗಟ್ಟಿಯಾಗುತ್ತದೆ. ಈ ಒಂದು ಬದಲಾವಣೆಯಿಂದ ಎಷ್ಟೋ ಮನೆಗಳಲ್ಲಿ ಮಕ್ಕಳು ತಾವಾಗಿಯೇ ಫೋನ್ ಮಾಡಲು ಶುರು ಮಾಡಿದ್ದನ್ನು ನಾನು ನೋಡಿದ್ದೇನೆ.

ರಾತ್ರಿ ಮೂರು ಗಂಟೆಗೆ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ಎದೆ ಹೊಡೆದುಕೊಳ್ಳುವಾಗ ಒಳ್ಳೆಯದನ್ನು ಹುಡುಕಲು ಕೂತರೆ ಅದೂ ಒಂದು ಒದ್ದಾಟ. ಆಗ ಮೈಯನ್ನು ಮಾತ್ರ ನೋಡಿಕೊಳ್ಳಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ನಿಧಾನವಾಗಿ ಹೊರಗೆ. ಉಸಿರು ಬಿಡುವುದು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಐದು ನಿಮಿಷ ಮಾಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂರಿ. ಬಟ್ಟೆ ಮಡಚಿ. ಫೋನ್ ಮುಟ್ಟಬೇಡಿ, ಗಡಿಯಾರ ನೋಡಬೇಡಿ. ಕಣ್ಣು ಎಳೆದಾಗ ಹೋಗಿ ಮಲಗಿ. ಇನ್ನೊಂದು ಮಾತು, ಮಧ್ಯಾಹ್ನ ಎರಡರ ನಂತರ ಕಾಫಿ, ಟೀ ಬಿಟ್ಟು ನೋಡಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸ್ಟಾಫ್ ರೂಮಿನ ನಾಲ್ಕು ಗಂಟೆಯ ಟೀ ರಾತ್ರಿಯವರೆಗೂ ಇರುತ್ತದೆ.

ಈ ಅಭ್ಯಾಸಗಳಿಂದ ಎಷ್ಟು ಗುಣ ಕಾಣಬಹುದು ಅಂತಲೂ ನಿಮಗೆ ಹೇಳಬೇಕು. ಕೃತಜ್ಞತೆ ಬರೆಯುವಂಥ ಅಭ್ಯಾಸಗಳ ಬಗ್ಗೆ ನಡೆದ 27 ಅಧ್ಯಯನಗಳನ್ನು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಒಟ್ಟುಗೂಡಿಸಿ ನೋಡಿದಾಗ, ಆತಂಕ ಮತ್ತು ಖಿನ್ನತೆಯ ಮೇಲೆ ಅವುಗಳ ಪ್ರಯೋಜನ ಸಣ್ಣದು ಎಂದೇ ಕಂಡಿತು. ಇದೆ, ಆದರೆ ಸಣ್ಣದು. ಹಾಗಾಗಿ ಇದು ಚಿಕಿತ್ಸೆಯ ಬದಲಿಗಲ್ಲ. ನಿಮ್ಮ ಪತ್ರದಲ್ಲಿ 'ಎರಡು ವರ್ಷದಿಂದ' ಎಂಬ ಮಾತಿದೆ. ಆರು ತಿಂಗಳಿಗೂ ಹೆಚ್ಚು ಕಾಲ, ಹೆಚ್ಚಿನ ದಿನಗಳಲ್ಲಿ ತಡೆಯಲಾಗದ ಚಿಂತೆ, ನಿದ್ದೆ ಕೆಡುವುದು, ಸುಸ್ತು, ಸಿಡಿಮಿಡಿ, ಮೈ ಬಿಗಿಯುವುದು ಇದ್ದರೆ ಅದನ್ನು ಆತಂಕದ ಕಾಯಿಲೆ ಎಂದೇ ನೋಡಿ ಚಿಕಿತ್ಸೆ ಕೊಡುತ್ತೇವೆ. ಬರೀ ಪತ್ರ ನೋಡಿ ನಾನು ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ. ಒಮ್ಮೆ ಮನೋವೈದ್ಯರನ್ನು ಮುಖತಃ ಕಾಣಲೇಬೇಕು.

ಅದಕ್ಕೂ ಮೊದಲು ಎರಡು ರಕ್ತಪರೀಕ್ಷೆ ಮಾಡಿಸಿ: ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ಎದೆ ಡವಡವ, ಕೈ ನಡುಕ, ನಿದ್ದೆಗೇಡು, ಗಾಬರಿ ಎಲ್ಲ ಬರುತ್ತವೆ. ರಕ್ತ ಕಡಿಮೆ ಇದ್ದರೂ ಎದೆ ಹೊಡೆದುಕೊಳ್ಳುತ್ತದೆ. ನಿಮಗೆ 46. ಮುಟ್ಟು ಹಿಂದೆ ಮುಂದೆ ಆಗುತ್ತಿದೆಯೇ? ರಾತ್ರಿ ಇದ್ದಕ್ಕಿದ್ದಂತೆ ಸೆಕೆಯಾಗಿ ಬೆವರಿ ಎಚ್ಚರವಾಗುತ್ತದೆಯೇ? ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ಹಾರ್ಮೋನಿನ ಏರುಪೇರಿನಿಂದಲೂ ಹೀಗಾಗುತ್ತದೆ. ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಡಾಕ್ಟರು ಎಷ್ಟೋ ಸಲ ಕೇಳುವುದಿಲ್ಲ. ನೀವೇ ಹೇಳಿ.

ಔಷಧಿಗೆ ಹೆದರಬೇಡಿ. ಆತಂಕಕ್ಕೆ ಮೊದಲು ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು, ಅಷ್ಟರೊಳಗೆ 'ಏನೂ ಆಗಲಿಲ್ಲ' ಅಂತ ಬಿಡಬಾರದು. ನಿಲ್ಲಿಸುವಾಗಲೂ ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡಬೇಕು. ಆದರೆ ಅಕ್ಕಪಕ್ಕದವರು ಕೊಟ್ಟ ನಿದ್ದೆ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಆಲ್‌ಪ್ರಜೋಲಾಮ್ ಥರದ ಮಾತ್ರೆ ಬೇಡವೇ ಬೇಡ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ಕೆಲವು ವಾರದಲ್ಲಿ ಬಿಡಲಾಗದಂತೆ ಹಿಡಿದುಕೊಳ್ಳುತ್ತದೆ. ಮಾತಿನ ಚಿಕಿತ್ಸೆ, ಅದರಲ್ಲೂ ಯೋಚನೆಯ ರೀತಿಯನ್ನೂ ನಡವಳಿಕೆಯನ್ನೂ ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ವಿಧಾನ, ಆತಂಕಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲೆ ಹೇಳಿದ ನೋಟ್‌ಬುಕ್ಕು ಅದೇ ದಾರಿಯದ್ದು.

ಊರಿನಲ್ಲಿ ಯಾರಾದರೂ ನೋಡಿಯಾರು ಎಂಬ ಮುಜುಗರ ಇದ್ದರೆ ಮೊದಲು ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ. ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ ಇದು, ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದರೂ ಅದೇ ಹೊತ್ತಿಗೆ ಮನೆಯವರಿಗೆ ಹೇಳಿ, ಈ ನಂಬರಿಗೆ ಕರೆ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಈ ವಾರ ರಕ್ತಪರೀಕ್ಷೆ ಮತ್ತು ಬೆಳಗಿನ ಕಾಫಿ, ಅಷ್ಟೇ. ಮುಂದಿನ ವಾರ ನೋಟ್‌ಬುಕ್ಕು. ಮಗಳ ಹತ್ತಿರ ಆ ಪ್ರಶ್ನೆ ಯಾವತ್ತು ಬೇಕಾದರೂ ಕೇಳಬಹುದು, ಇವತ್ತು ಸಂಜೆಯೇ ಕೇಳಿದರೂ ಆದೀತು. ಎರಡು ತಿಂಗಳಾದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಬಲಪುಟದಲ್ಲಿ ಏನೇನು ಬಂತು ಹೇಳಿ. ಹಾಗೇ, ಆ ಹಿಂದಿನ ಬೆಂಚಿನ ಹುಡುಗ ಬೋರ್ಡಿಗೆ ಬಂದು ಮಾಡಿದ್ದು ಯಾವ ಲೆಕ್ಕ? ನೀವು ಬರೆಯಲಿಲ್ಲ. ಅದನ್ನೂ ತಿಳಿಸಿ.